ತಡವಾಗಿ ಬಿದ್ದ ಬ್ರೇಕ್

ಅವನನ್ನು ಮೊದಲ ಬಾರಿ ಮುಖಾಮುಖಿ ಕಂಡಾಗ ಅವಳಿಗೆ ಕೈಲಿದ್ದ ಲ್ಯಾಪ್‌ಟಾಪನ್ನು ಅವನ ತಲೆಯ ಮೇಲೆ ಕುಕ್ಕಬೇಕೆನಿಸಿತು!

ಅವನು ಟೆಸ್ಟ್ ಟ್ರ್ಯಾಕಿನ ಶೆಡ್ಡಿನಲ್ಲಿ ಹೆಲ್ಮೆಟ್ ಒರೆಸುತ್ತಾ ಕುಳಿತಿದ್ದ.

"ಟೆಸ್ಟ್ ಡ್ರೈವರ್ ನೀವೇ ತಾನೇ?"

"ಹೌದು ಮೇಡಂ..."

"ನಿಮ್ಮಿಂದ ಬೆಳಿಗ್ಗೆ ಎಲ್ಲರ ಮುಂದೆ ಬೈಸ್ಕೊಂಡೆ. ಗೊತ್ತಾ?"

ಅವಳ ಕೆಲಸ ಬ್ರೇಕನ್ನು ಲೆಕ್ಕದಲ್ಲಿ ಕಟ್ಟುವುದು. ಪೆಡಲ್ ತುಳಿದರೆ ಆಯಿಲ್‌ನ ಒತ್ತಡ ರಬ್ಬರ್ ಹೋಸುಗಳನ್ನು ದಾಟಿ ಚಕ್ರಕ್ಕೆ ಎಷ್ಟು ಹೊತ್ತಿಗೆ ತಲುಪುತ್ತದೆ, ಗಾಡಿ ಎಲ್ಲಿ ನಿಲ್ಲುತ್ತದೆ... ಎಲ್ಲವನ್ನೂ ಅವಳ ಸಮೀಕರಣಗಳು ಮೊದಲೇ ಹೇಳಬೇಕು. ಶೆಡ್ಡಿನವರು ಅವಳಿಗೆ 'ಲೆಕ್ಕದಮ್ಮ' ಎಂದೇ ಹೆಸರಿಟ್ಟಿದ್ದರು.

ಆದರೆ ಕೊನೆಯ ಟೆಸ್ಟ್ ಓಟದಲ್ಲಿ ಗಾಡಿ ಅವಳ ಲೆಕ್ಕ ಮೀರಿ ಮುಂದೆ ಹೋಗಿ ನಿಂತಿತ್ತು. ಒತ್ತಡಕ್ಕೆ ಹೋಸ್ ಉಬ್ಬುವುದನ್ನು ಲೆಕ್ಕಕ್ಕೆ ಹಿಡಿಯಲು ಮರೆತಿದ್ದಾಳೆ ಎಂದು ಬೆಳಿಗ್ಗೆ ಮೀಟಿಂಗಿನಲ್ಲಿ ಚೀಫ್ ಹಿಗ್ಗಾಮುಗ್ಗಾ ಬೈದು, ಸಂಜೆಯೊಳಗೆ ಆ ಲೆಕ್ಕವನ್ನೇ ಕೈಬಿಡುವುದಾಗಿ ಹೇಳಿದ್ದರು. ವರ್ಷಗಟ್ಟಲೆ ಸುರಿಸಿದ ಬೆವರು! ಹಿಂದಿನ ಸಾಲಿನಲ್ಲಿ ಇವನು ತುಟಿ ಪಿಟಿಕ್ಕೆನ್ನದೆ ಕುಳಿತಿದ್ದ.

ಅವಳು ಲ್ಯಾಪ್‌ಟಾಪ್ ತೆರೆದು ಅವನ ಮೂಗಿನ ಕೆಳಗೆ ಹಿಡಿದಳು.

"ಹೋಸ್ ಉಬ್ಬಿದ್ರೆ ಒತ್ತಡ ನಿಧಾನವಾಗಿ ಏರ್ಬೇಕು. ಈ ಗೆರೆ ನೋಡಿ. ನನ್ನ ಲೆಕ್ಕದ ಹಾಗೇ ಏರಿದೆ, ಶುರುವಾಗಿದ್ದು ಮಾತ್ರ ತಡ! ಆಯಿಲ್ ಸರಿಯಾಗಿದೆ, ಹೋಸ್ ಸರಿಯಾಗಿದೆ. ತಡ ಮಾಡಿದ್ದು ನಿಮ್ಮ ಕಾಲು!"

ಪೆಡಲಿಗೆ ಸೆನ್ಸರ್ ಇರಲಿಲ್ಲ. ಬ್ರೇಕ್ ಹಾಕಲು ಸೂಚಿಸುವ ಟ್ರ್ಯಾಕ್ ಬದಿಯ ದೀಪ ಹತ್ತಿದೊಡನೆ ಅವನ ಕಾಲು ಬೀಳುತ್ತದೆಂದು ಅವಳು ಕಣ್ಣುಮುಚ್ಚಿ ನಂಬಿದ್ದಳು. ಅದೊಂದೇ ಅವಳ ತಪ್ಪು.

ಅವನು ತಲೆ ತಗ್ಗಿಸಿದ. "ಗೊತ್ತು."

'ಗೊತ್ತಂತೆ!' ಅವಳ ಮೈಯೆಲ್ಲಾ ಉರಿದುಹೋಯಿತು.

"ಗೊತ್ತಿದ್ದೂ ಬಾಯಿಗೆ ಬೀಗ ಹಾಕ್ಕೊಂಡಿದ್ರಾ?"

"ಟ್ರ್ಯಾಕ್‌ನಲ್ಲಿ ಬೇರೆ ಕಡೆ ನೋಡಿದೆ ಅಂದ್ರೆ ಗಾಡಿ ಕಿತ್ಕೋತಾರೆ..."

"ಓಹೋ! ನಿಮ್ಮ ಸೀಟು ಉಳೀಲಿ, ನನ್ನ ಮರ್ಯಾದೆ ಹೋಗ್ಲಿ! ಅಷ್ಟಕ್ಕೂ ಏನು ನೋಡ್ತಿದ್ರಿ? ಕಾಗೇನಾ?"

"ನಿಮ್ಮನ್ನ."

"...ಏನು?"

"ಬೇಲಿ ಹತ್ತಿರ ಇದ್ರಲ್ಲ... ಗಾಳಿಗೆ ಹಾಳೆ ಹಾರಿಹೋಯ್ತು, ಅದಕ್ಕೆ ಬೈತಾ ಹಿಂದೆ ಓಡ್ತಿದ್ರಿ. ಹಾಳೆಗೂ ಬೈಯೋರು ಇರ್ತಾರಾ ಅಂತ ನೋಡಿದೆ. ಅಷ್ಟರಲ್ಲಿ ದೀಪ ಹತ್ತಿತ್ತು. ನೋಡೋದೇನು ಅವತ್ತು ಶುರುವಾಗಿದ್ದಲ್ಲ... ನೀವಂದ್ರೆ ನಂಗೆ ತುಂಬಾ ಇಷ್ಟ."

ಅವಳ ಎದೆ ಧಸಕ್ಕೆಂದಿತು. ಮರುಕ್ಷಣವೇ ಕೋಪ ಇಮ್ಮಡಿಯಾಯಿತು. 'ಇವನ ಪ್ರೀತಿಗಿಷ್ಟು ಬೆಂಕಿ ಹಾಕ!'

"ಇಷ್ಟ ಇದ್ದಿದ್ರೆ ಬೆಳಿಗ್ಗೆ ಎದ್ದು ನಿಂತು ಹೇಳ್ತಿದ್ರಿ. ಹೇಡಿ ನೀವು!"

ಬಾಗಿಲನ್ನು ಧಡಾರನೆ ಬಡಿದು ಹೊರಟುಬಿಟ್ಟಳು. ಕಣ್ಣು ತುಂಬಿದ್ದು ಬರೀ ಕೋಪಕ್ಕೆ ಎಂದು ತನಗೆ ತಾನೇ ಹೇಳಿಕೊಂಡಳು.

ಸಂಜೆ ಚೀಫ್ ಎಲ್ಲರನ್ನೂ ಕರೆದರು. ಅವರು ಬಾಯಿ ತೆರೆಯುವ ಮೊದಲೇ ಹಿಂದಿನ ಸಾಲಿನಿಂದ ಅವನು ಎದ್ದ.

"ತಪ್ಪು ಅವರ ಲೆಕ್ಕದ್ದಲ್ಲ ಸಾರ್. ನಾನೇ ತಡವಾಗಿ ಬ್ರೇಕ್ ಹಾಕಿದೆ. ಬೆಳಿಗ್ಗೆ ಹೇಳೋಕೆ ಹೆದರಿದೆ."

ಚೀಫ್ ಕೈ ಚಾಚಿದರು. ಅವನು ಗಾಡಿಯ ಕೀಲಿ ಕೊಟ್ಟು ಹೊರನಡೆದ. ಅವಳ ಲೆಕ್ಕ ಉಳಿಯಿತು.

ಅವಳು ಹಿಂದೆಯೇ ಓಡಿದಳು. "ನಿಲ್ರೀ!"

ಅವನು ನಿಂತ.

"ಕೀಲಿ ಯಾವಾಗ ವಾಪಸ್ ಕೊಡ್ತಾರಂತೆ?"

"ಗೊತ್ತಿಲ್ಲ... ಇನ್ನೂ ಕೋಪಾನಾ?"

"ಕುದೀತಿದೆ!" ಅವಳು ಅವನ ಕೈಯಿಂದ ಹೆಲ್ಮೆಟ್ ಕಿತ್ತುಕೊಂಡಳು. "ಇನ್ಮೇಲೆ ನನ್ನನ್ನ ನೋಡ್ಬೇಕು ಅನ್ಸಿದ್ರೆ, ಮೊದಲು ಗಾಡಿ ನಿಲ್ಸು."

"ಈಗ ಗಾಡೀನೇ ಇಲ್ವಲ್ಲ..."

"ಹಾಗಾದ್ರೆ ನೋಡು."