ಆಮೆಯ ತೂಕದ ಬೆಳಕು

ಆಮೆ ಓಡಿಹೋಗಿತ್ತು.

ಆಮೆ ಎಂದರೆ ಅಂತಿಂಥ ಆಮೆಯಲ್ಲ. ಲೈಬ್ರರಿಯ ಅಂಗಳದಲ್ಲಿ ಕಲ್ಲುಕಟ್ಟೆಯ ಮೇಲೆ ಕುಳಿತಿದ್ದ ಕಂಚಿನ ಆಮೆ. ಊರಿನ ಅರ್ಧ ಜನ ಚಿಕ್ಕಂದಿನಲ್ಲಿ ಅದರ ಬೆನ್ನೇರಿದವರು. ಉಳಿದರ್ಧ ಜನ ಅದರ ಬೆನ್ನಿಂದ ಬಿದ್ದವರು. ಅದನ್ನು ಅಲ್ಲಿ ಕೂರಿಸಿದ ದಿನ ನಾಲ್ವರು ಹೊತ್ತು ತಂದರಂತೆ. ಆ ನಾಲ್ವರೂ ಜೀವಮಾನವಿಡೀ ಮತ್ತೆ ನೆಟ್ಟಗೆ ನಿಲ್ಲಲೇ ಇಲ್ಲವಂತೆ. ಹೊತ್ತವರು ಇಬ್ಬರೇ ಎನ್ನುವವರೂ ಇದ್ದಾರೆ. ಅಂಥವರಿಗೆ ಊರಿನ ಮೇಲೆ ಅಭಿಮಾನವಿಲ್ಲ.

ಆ ಬೆಳಿಗ್ಗೆ ಕಟ್ಟೆ ಬೋಳಾಗಿತ್ತು. ಬೋಲ್ಟುಗಳಿದ್ದ ಕಡೆ ತೂತು. ಸುತ್ತ ಹಸಿರು ಕಿಲುಬಿನ ಪುಡಿ. ಕಲ್ಲಿನ ಮೇಲೆ, ಹಿಂದಿನ ಅಂಚಿನವರೆಗೆ ಎರಡು ನೆಟ್ಟನೆಯ ಗೀರು. ಗೇಟಿನ ಬೀಗ ಮಾತ್ರ ಕೊಂಕಿರಲಿಲ್ಲ.

"ಬೀಗ ಒಡೆದಿಲ್ಲ," ಎಂದರು ಇನ್‌ಸ್ಪೆಕ್ಟರ್. "ಕೀಲಿ ಯಾರ್ಯಾರ ಹತ್ರ ಇದೆ?"

ಮೂವರ ಹತ್ತಿರ. ಲೈಬ್ರರಿಯ ಮೇಡಂ ಕಾಲು ಮುರಿದುಕೊಂಡು ಆಸ್ಪತ್ರೆಯಲ್ಲಿದ್ದರು. ಲೈಬ್ರರಿ ಸಮಿತಿಯ ಅಧ್ಯಕ್ಷರು ಸೊಂಟನೋವಿನವರು. ಅಂಗಿಯ ಮೇಲೆಯೇ ಅಗಲವಾದ ಬೆಲ್ಟು ಬಿಗಿದುಕೊಂಡು, ನೀರು ತುಂಬಿದ ಬಕೆಟ್ ಕಂಡರೆ ದೂರ ಸರಿಯುವವರು. ಉಳಿದವನು ಕಾವಲುಗಾರ. ಊರು ಅವನನ್ನು ಪೈಲ್ವಾನ ಎನ್ನುತ್ತಿತ್ತು. ಅವನು ತೋಳು ಮಡಚಿದರೆ ಅಂಗಿಯ ಗುಂಡಿಗಳು ಹಾರಿ ಪಕ್ಕದ ಬೀದಿಯಲ್ಲಿ ಬೀಳುತ್ತಿದ್ದವು.

"ನಿನ್ನೆ ಲೈಬ್ರರಿಗೆ ರಜೆ ಸಾರ್," ಎಂದ ಪೈಲ್ವಾನ. "ಕತ್ತಲಾಗೋ ಹೊತ್ತಿಗೆ ಊಟಕ್ಕೆ ಮನೆಗೆ ಹೋಗಿದ್ದೆ, ಅಷ್ಟೇ. ಬಂದ್ಮೇಲೆ ಬಾಗಿಲ ಹತ್ರ ಕೂತೆ. ಅಂಗಳದ ಲೈಟು ಕೆಟ್ಟಿದೆ. ಆಮೆ ಕಡೆ ನೋಡ್ಲಿಲ್ಲ."

"ಯಾಕೆ ನೋಡ್ಲಿಲ್ಲ?"

"ಇಷ್ಟು ವರ್ಷ ಎಲ್ಲೂ ಹೋಗಿರ್ಲಿಲ್ಲ ಸಾರ್."

"ನಡಿ ಸ್ಟೇಷನ್ನಿಗೆ."

ಆಗ ಗೇಟಿನ ಹೊರಗೆ ಒಂದು ಬ್ರೇಕಿನ ಸದ್ದು ಕೇಳಿತು. ಮರದ ಹಕ್ಕಿಗಳೆಲ್ಲ ಎದ್ದುಹೋದವು. ಪೈಲ್ವಾನನ ಅಕ್ಕ ಬಂದಿದ್ದಳು.

ಅವಳು ಡ್ರೈವಿಂಗ್ ಸ್ಕೂಲಿನ ಟೀಚರ್. ಕಲಿಯುವವರ ಪಕ್ಕದಲ್ಲಿ ಕುಳಿತು, ತನ್ನ ಕಡೆಗೂ ಒಂದು ಬ್ರೇಕು ಇಟ್ಟುಕೊಂಡು, ಊರಿಗೇ ಗಾಡಿ ಕಲಿಸಿದವಳು. ಅವಳ ಕಾಲು ಆ ಬ್ರೇಕಿನ ಮೇಲೆ ಬಿತ್ತೆಂದರೆ ಭೂಮಿಯೇ ಒಂದು ಕ್ಷಣ ತಿರುಗುವುದನ್ನು ಮರೆಯುತ್ತಿತ್ತು. ಬ್ರೇಕಕ್ಕ ಎಂಬ ಹೆಸರು ಸುಮ್ಮನೆ ಬಂದದ್ದಲ್ಲ.

"ನನ್ನ ತಮ್ಮ ಆಮೆ ಕದ್ದಿಲ್ಲ," ಎಂದಳು.

"ಟೀಚರ್, ಕೀಲಿ ಇವನ ಹತ್ರ ಇತ್ತು. ಆಮೆ ಎತ್ತೋ ತೋಳೂ ಇವನದೇ." ಇನ್‌ಸ್ಪೆಕ್ಟರ್ ಅವಳ ಹಳೆಯ ಶಿಷ್ಯರು. ರಿವರ್ಸಿನಲ್ಲಿ ಎರಡು ಸಲ ಫೇಲಾದವರು. "ನಾಳೆ ಬೆಳಿಗ್ಗೆ ಕೋರ್ಟಿಗೆ ಕಳಿಸ್ತೀನಿ. ಕೆಲಸ ಅಂತೂ ಹೋಯ್ತು. ಜೈಲು ತಪ್ಪಬೇಕು ಅಂದ್ರೆ ಅಷ್ಟರೊಳಗೆ ಆಮೆ ಸಿಗ್ಬೇಕು."

"ಸಿಗುತ್ತೆ."

"ಹೇಗೆ?"

"ಅದು ಗೊತ್ತಿಲ್ಲ. ಆದ್ರೆ ಸಿಗುತ್ತೆ."

ಪೈಲ್ವಾನ ಜೀಪು ಹತ್ತುವಾಗ ತಿರುಗಿ ನೋಡಿದ. ಅಷ್ಟು ದೊಡ್ಡ ಮೈ, ಮೊದಲ ದಿನ ಶಾಲೆಗೆ ಹೊರಟ ಮಗುವಿನ ಮುಖ. "ಅಕ್ಕಾ, ಮನೇಲಿ ಅಮ್ಮಂಗೆ ಹೇಳ್ಬೇಡ."

ಹೇಳುವ ಅಗತ್ಯ ಬರಬಾರದು ಎಂದು ಬ್ರೇಕಕ್ಕ ಆಗಲೇ ನಿರ್ಧರಿಸಿಯಾಗಿತ್ತು.

* * *

ಹಿಂದಿನ ಸಂಜೆ ಕತ್ತಲಾಗುವ ಹೊತ್ತಿಗೆ ಅವಳು ಹಲ್ಲಿನ ಡಾಕ್ಟರಿಗೆ ಪಾಠ ಹೇಳುತ್ತಿದ್ದಳು. ಲೈಬ್ರರಿಯ ಹಿಂದಿನ ರಸ್ತೆಯಲ್ಲಿ. ಎದುರಿಗೆ ಒಂದು ಕಾರು ಬಂತು. ಅದರ ಬೆಳಕು ನೇರ ಕಣ್ಣಿಗೆ ಬಡಿಯಿತು. ಡಾಕ್ಟರು ಸ್ಟೇರಿಂಗ್ ಬಿಟ್ಟು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡರು. ಕಾರು ಕಸದ ತೊಟ್ಟಿಗೆ ಮುತ್ತಿಟ್ಟಿತು. ಅವಳು ಆ ಕಾರಿನವನ ಏಳು ತಲೆಮಾರನ್ನು ಬೈದು ಮುಗಿಸುವಷ್ಟರಲ್ಲಿ ಅವನು ಹೋಗಿಯಾಗಿತ್ತು.

ರಜೆಯ ದಿನ. ಲೈಬ್ರರಿಯ ಕಡೆಯಿಂದ ಬಂದ ಕಾರು. ಸರಿಯಾಗಿ ತಮ್ಮನ ಊಟದ ಹೊತ್ತು.

ಅವಳು ನೇರ ಕ್ಲಿನಿಕ್ಕಿಗೆ ನುಗ್ಗಿದಳು. ಕುರ್ಚಿಯಲ್ಲಿ ಒಬ್ಬ ಬಾಯಿ ತೆರೆದು ಮಲಗಿದ್ದ. ಬಾಯೊಳಗೆ ಹತ್ತಿ, ಕನ್ನಡಿ, ಡಾಕ್ಟರ ಎರಡು ಬೆರಳು.

"ಡಾಕ್ಟ್ರೇ, ನಿನ್ನೆ ಆ ಕಾರು. ಲೈಟು ಒಂದಾ, ಎರಡಾ?"

"ಎರಡು. ಲೈಟಲ್ಲ, ಎರಡು ಸೂರ್ಯ. ಬ್ರೈಟ್ ಹಾಕ್ಕೊಂಡು ಬಂದಿದ್ದ ಅನಾಗರಿಕ."

"ಬ್ರೈಟಾ?" ಅವಳು ಕಣ್ಣು ಮುಚ್ಚಿ ನೆನಪಿಸಿಕೊಂಡಳು. ರಸ್ತೆ ಬದಿಯ ದೊಡ್ಡ ಮರ. ಅದರ ಎಲೆಗಳವರೆಗೆ ಬೆಳಕು ಹತ್ತಿತ್ತು. ಆದರೆ ಅಲ್ಲಿ ಚಾಕುವಿನಿಂದ ಕೊಯ್ದ ಹಾಗೆ ನಿಂತಿತ್ತು. ಗೆರೆಯ ಕೆಳಗೆ ಹಗಲು, ಮೇಲೆ ಕತ್ತಲು. "ಬ್ರೈಟ್ ಹಾಕಿದ್ರೆ ಬೆಳಕು ಎಲ್ಲಾ ಕಡೆ ಚೆಲ್ಲುತ್ತೆ. ಗೆರೆ ಹೊಡೆದ ಹಾಗೆ ನಿಲ್ಲೋದು ಡಿಮ್ ಲೈಟು ಮಾತ್ರ. ಅದು ರಸ್ತೆ ಮೇಲೆ ಇರ್ಬೇಕು. ಮರ ಯಾಕೆ ಹತ್ತಿತು?"

"ಯಾಕೆ?"

"ಕಾರಿನ ಮೂತಿ ಮೇಲೆದ್ದಿತ್ತು. ಹಿಂದೆ ಭಾರ ಕೂತಿತ್ತು. ಡಿಕ್ಕಿ, ಡಾಕ್ಟ್ರೇ, ಡಿಕ್ಕಿ!"

"ಡಿಕ್ಕಿ ಹೊಡೆದದ್ದು ನಾನೇ, ಒಪ್ಕೋತೀನಿ. ತೊಟ್ಟಿ ರಿಪೇರಿ ಮಾಡಿಸ್ಕೊಡ್ತೀನಿ."

"ಆ ಡಿಕ್ಕಿ ಅಲ್ಲ! ಸಾಮಾನಿಡೋ ಡಿಕ್ಕಿ. ಅದರೊಳಗೆ ಆಮೆ ಇತ್ತು!"

ಕುರ್ಚಿಯಲ್ಲಿದ್ದವನು ಆಶ್ಚರ್ಯದಿಂದ ಬಾಯಿ ಮುಚ್ಚಿದ. ಡಾಕ್ಟರು ಕಿರುಚಿದರು. ಬೆರಳು ಒಳಗೇ ಇತ್ತು.

* * *

ಊರಿನಲ್ಲಿ ಹಿಂಭಾರದ ಗಾಡಿ ಎಂದರೆ ಗುಜರಿಯವನದು. ಅವನ ವ್ಯಾನು ಹುಟ್ಟಿದಾಗಿನಿಂದ ಕಬ್ಬಿಣ ಹೊತ್ತು ಹೊತ್ತು, ಕುಳಿತ ನಾಯಿಯ ಹಾಗೆ ಹಿಂದೆ ತಗ್ಗಿತ್ತು.

"ಕಂಚು ಕರಗಿಸಿದ್ಯಾ?" ಎಂದು ಬ್ರೇಕಕ್ಕ ಗದರಿದಳು.

"ಅಯ್ಯೋ ಅಕ್ಕಾ!" ಗುಜರಿಯವನು ತುಟಿ ಸರಿಸಿ ಒಂದು ಸಂದು ತೋರಿಸಿದ. "ಈ ಹಲ್ಲು ಆ ಆಮೆ ಮೇಲಿಂದ ಬಿದ್ದೇ ಹೋಗಿದ್ದು. ಅಷ್ಟು ಹಳೇ ಸ್ನೇಹ. ಕರಗಿಸ್ತೀನಾ?"

"ಲೈಟ್ ಹಾಕು."

ಹಾಕಿದ. ಒಂದೇ ಕಣ್ಣು ಹತ್ತಿತು. ಇನ್ನೊಂದರ ಜಾಗದಲ್ಲಿ ಜೇಡ ಸಂಸಾರ ಹೂಡಿತ್ತು.

ಎರಡು ಸೂರ್ಯ ಇದಲ್ಲ. ಅವಳ ಮುಖ ಇಳಿಯಿತು. ಅರ್ಧ ದಿನ ಹೋಗಿತ್ತು.

"ಒಂದು ಮಾತು ಅಕ್ಕಾ," ಎಂದ ಗುಜರಿಯವನು. "ನಮ್ಮ ಕಸುಬಿನೋರಾದ್ರೆ ಅಲ್ಲೇ ತುಂಡು ಮಾಡಿ ಒಯ್ತಾರೆ. ಇಡೀ ಆಮೇನ ಬೋಲ್ಟು ಬಿಚ್ಚಿ ನಾಜೂಕಾಗಿ ತಗೊಂಡಿದ್ದಾರೆ ಅಂದ್ರೆ, ಆಮೆ ಆಮೆಯಾಗೇ ಬೇಕು ಅನ್ನೋರು ಯಾರೋ ಇದ್ದಾರೆ. ತೆಗೆದೋನೂ ಅಳತೆ ಗೊತ್ತಿರೋನು."

* * *

ಕತ್ತಲಾಯಿತು. ಬ್ರೇಕಕ್ಕ ಬೀದಿಬೀದಿಯಲ್ಲಿ ನಿಂತ ಕಾರುಗಳನ್ನೆಲ್ಲ ಬಗ್ಗಿ ನೋಡಿ, ಸೋತು, ಮನೆಯ ಮೆಟ್ಟಿಲ ಮೇಲೆ ಕುಳಿತಿದ್ದಳು. ಕೈಯಲ್ಲಿ ಟೀ ಆರುತ್ತಿತ್ತು. ಒಳಗಿನಿಂದ ಅಮ್ಮ ಮೂರನೆಯ ಸಲ ಕೂಗಿದರು: "ಅವನೆಲ್ಲೇ?"

"ಬರ್ತಾನಮ್ಮಾ!"

ಎದುರು ಮನೆ ಅಧ್ಯಕ್ಷರದು. ಅವರ ಅಂಗಳದ ಕೊನೆಯ ಬಿಳಿ ಗೋಡೆ ಊರಿಗೇ ಪ್ರಸಿದ್ಧ. ಭಾನುವಾರ ಸಂಜೆ ಅಕ್ಕಪಕ್ಕದವರೆಲ್ಲ ತಮ್ಮ ಕಾರುಗಳನ್ನು ಆ ಗೋಡೆಗೆ ಮುಖ ಮಾಡಿ ನಿಲ್ಲಿಸುತ್ತಿದ್ದರು. ಲೈಟು ಸರಿ ಮಾಡಿಸಲು ಗ್ಯಾರೇಜಿಗೆ ಹೋಗುವ ಮಾತೇ ಇಲ್ಲ. ಮಟ್ಟದ ನೆಲ. ಟೈರಿಗೆ ಸರಿಯಾದ ಗಾಳಿ. ಡ್ರೈವರ್ ಸೀಟಿನಲ್ಲಿ ಒಬ್ಬರು. "ಡಿಕ್ಕಿ ಖಾಲಿ ಮಾಡಿ, ಖಾಲಿ!" ಎಂದು ಅಧ್ಯಕ್ಷರ ಗರ್ಜನೆ. ಆಮೇಲೆ ಲೈಟಿನ ಎತ್ತರ ಅಳೆದು, ಅದಕ್ಕಿಂತ ತುಸು ಕೆಳಗೆ ಗೋಡೆಯ ಮೇಲೆ ನೀಲಿ ಟೇಪು ಅಂಟಿಸಿ, ಬಾನೆಟ್ಟಿನೊಳಗಿನ ಸ್ಕ್ರೂ ತಿರುಗಿಸುತ್ತಾ ಬೆಳಕಿನ ಮೇಲಂಚನ್ನು ಟೇಪಿನ ಮೇಲೆ ತಂದು ಕೂರಿಸುತ್ತಿದ್ದರು. ಕೂದಲೆಳೆ ಹೆಚ್ಚಾದರೂ ಅವರಿಗೆ ಊಟ ಸೇರುತ್ತಿರಲಿಲ್ಲ. ಅವರ ಸ್ವಂತ ಹಳೆಯ ಕಾರಿನ ಟೇಪು ಮಾತ್ರ ಯಾವಾಗಲೂ ಗೋಡೆಯ ಮೇಲೇ. ಅವರ ಲೈಟಿಗೆ ಎದುರಿನ ಇರುವೆ ಕೂಡ ಕಣ್ಣು ಮಿಟುಕಿಸುತ್ತಿರಲಿಲ್ಲ ಎಂಬುದು ಬೀದಿಯ ಹೆಮ್ಮೆ.

ಈಗ ಅದೇ ಕಾರು ಬೀದಿಗೆ ತಿರುಗಿತು.

ಬ್ರೇಕಕ್ಕ ಸುಮ್ಮನೆ ನೋಡಿದಳು. ಮತ್ತೆ ನೋಡಿದಳು.

ಬೆಳಕು ರಸ್ತೆಯ ಮೇಲೆ ಮುಂದೆ ಹೋಗುತ್ತಿರಲಿಲ್ಲ. ಅಪರಾಧಿಯ ಹಾಗೆ ತಲೆ ತಗ್ಗಿಸಿ ತನ್ನದೇ ಟೈರುಗಳ ಮುಂದಿನ ನೆಲ ನೆಕ್ಕುತ್ತಿತ್ತು. ಕಾರು ತಡವರಿಸುತ್ತಾ ಗೇಟಿನೊಳಗೆ ಹೋಯಿತು.

ಊರಿಗೆಲ್ಲ ಲೈಟು ಸರಿ ಮಾಡುವವರ ಲೈಟು ಹೀಗೇಕೆ ಬಿತ್ತು?

ನಿನ್ನೆ ಒಂದು ಕಾರಿನ ಬೆಳಕು ಮರ ಹತ್ತಿತ್ತು. ಇವತ್ತು ಒಂದು ಕಾರಿನದು ನೆಲ ನೆಕ್ಕುತ್ತಿದೆ. ಎರಡು ಕಾರು ಯಾಕಾಗಬೇಕು? ಒಂದೇ ಕಾರಾದರೆ?

ಟೀ ಲೋಟ ಮೆಟ್ಟಿಲಿಂದ ಉರುಳಿತು. ಎದುರಿನ ಅಂಗಳದಲ್ಲಿ ಬಾನೆಟ್ ತೆರೆದ ಸದ್ದು ಕೇಳಿತು. ಸ್ಕ್ರೂ ತಿರುಗಿಬಿಟ್ಟರೆ ತಮ್ಮನ ಬದುಕೂ ತಿರುಗಿಹೋಗುತ್ತದೆ.

ಅವಳು ಫೋನ್ ಕಿವಿಗಿಟ್ಟು ಓಡಿದಳು. "ಇನ್‌ಸ್ಪೆಕ್ಟ್ರೇ, ಅಧ್ಯಕ್ಷರ ಮನೆಗೆ ಬನ್ನಿ. ನನ್ನ ತಮ್ಮನ್ನೂ ಕರ್ಕೊಂಡು ಬನ್ನಿ."

"ಅವನ್ಯಾಕೆ ಟೀಚರ್?"

"ಅವನ ತೂಕ ಬೇಕು!"

* * *

"ಸ್ಕ್ರೂಡ್ರೈವರ್ ಕೆಳಗಿಡಿ ಅಧ್ಯಕ್ಷರೇ."

"ಏನಮ್ಮಾ ಇದು, ಹೊತ್ತಲ್ಲದ ಹೊತ್ತಲ್ಲಿ? ಲೈಟು ಸ್ವಲ್ಪ ಸರಿ ಮಾಡ್ತಿದ್ದೆ."

"ಮಾಡ್ಬೇಡಿ." ಅವಳು ಬಾನೆಟ್ ಮುಚ್ಚಿ ಅದರ ಮೇಲೇ ಕುಳಿತಳು. ಜೀಪು ಬರುವವರೆಗೆ ಇಳಿಯಲಿಲ್ಲ. ಅಧ್ಯಕ್ಷರು ಬೇಡಿದರು, ಗದರಿದರು, ಸೊಂಟ ಹಿಡಿದು ನರಳಿದರು. ಸಿಡಿಲು ಬಿದ್ದರೂ ಅವಳು ಏಳುತ್ತಿರಲಿಲ್ಲ. ಸಿಡಿಲೇ ಪಕ್ಕಕ್ಕೆ ಸರಿದು ಬೀಳುತ್ತಿತ್ತು.

ಇನ್‌ಸ್ಪೆಕ್ಟರ್ ಬಂದರು. ಹಿಂದೆ ತಲೆ ತಗ್ಗಿಸಿದ ಪೈಲ್ವಾನ. ಮೊದಲು ಡಿಕ್ಕಿ ತೆರೆಸಿದರು. ತೊಳೆದು ಒರೆಸಿ ಫಳಫಳ ಅನ್ನುತ್ತಿತ್ತು. ಹೊಸ ಮ್ಯಾಟು. ಫಿನಾಯಿಲ್ ವಾಸನೆ.

"ಏನೂ ಇಲ್ಲವಲ್ಲ ಟೀಚರ್."

"ಇಲ್ಲದ್ದನ್ನೇ ತೋರಿಸ್ತೀನಿ. ಅಧ್ಯಕ್ಷರೇ, ಡ್ರೈವರ್ ಸೀಟಲ್ಲಿ ಕೂತ್ಕೊಳ್ಳಿ. ನಿಮ್ಮದೇ ನಿಯಮ. ಡಿಮ್ ಹಾಕಿ."

ಗೋಡೆಯ ಮೇಲೆ ಬೆಳಕು ಬಿತ್ತು. ಅದರ ಮೇಲಂಚು ನೀಲಿ ಟೇಪಿಗಿಂತ ಒಂದು ಗೇಣು ಕೆಳಗಿತ್ತು.

"ಈಗ ನೀವು ಡಿಕ್ಕಿಯೊಳಗೆ ಕೂತ್ಕೊಳ್ಳಿ ಇನ್‌ಸ್ಪೆಕ್ಟ್ರೇ."

"ನಾನಾ? ಯೂನಿಫಾರ್ಮಲ್ಲಿ?"

"ಲೈಸೆನ್ಸ್ ಬೇಕಾದಾಗ ನಾನು ಹೇಳಿದ ಕಡೆಯೆಲ್ಲ ಕೂತಿದ್ರಿ."

ಇನ್‌ಸ್ಪೆಕ್ಟರ್ ಊದಿದ ಮುಖದಲ್ಲಿ ಡಿಕ್ಕಿಯೊಳಗೆ ತುರುಕಿಕೊಂಡರು. ಕಾರಿನ ಹಿಂಭಾಗ ತಗ್ಗಿತು. ಗೋಡೆಯ ಬೆಳಕು ಮೇಲೆ ಸರಿಯಿತು. ಟೇಪು ಇನ್ನೂ ಮುಟ್ಟಲಿಲ್ಲ.

"ತಮ್ಮಾ, ನೀನೂ ಹತ್ತು."

ಪೈಲ್ವಾನ ಹತ್ತಿದ. ಸ್ಪ್ರಿಂಗುಗಳು ಅತ್ತವು. ಬೆಳಕು ಏರಿತು, ಏರಿತು, ಬಂದು ನೀಲಿ ಟೇಪಿನ ಮೇಲೆ ಕುಳಿತಿತು. ಕೂದಲೆಳೆ ಹೆಚ್ಚಿಲ್ಲ, ಕಡಿಮೆಯಿಲ್ಲ.

"ನೋಡಿ," ಎಂದಳು ಬ್ರೇಕಕ್ಕ. "ಇದು ಎರಡು ದಡೂತಿ ಗಂಡಸರ ತೂಕ ಡಿಕ್ಕಿಯಲ್ಲಿಟ್ಟು ಸರಿ ಮಾಡಿದ ಲೈಟು. ಅಧ್ಯಕ್ಷರೇ, ನಿನ್ನೆ ನೀವು ಆಮೆ ಹಾಕ್ಕೊಂಡು ಹೊರಟ್ರಿ. ಮೂತಿ ಮೇಲೆದ್ದಿತು. ದಾರಿಯಲ್ಲಿ ಎದುರಿಗೆ ಬಂದೋರೆಲ್ಲ ಲೈಟು ಮಿಟುಕಿಸಿ ಬೈದ್ರು. ಅದರಲ್ಲಿ ನಾನೂ ಒಬ್ಬಳು. ಊರಾಚೆಯ ಚೆಕ್‌ಪೋಸ್ಟಲ್ಲಿ ಪೊಲೀಸರು ಕಣ್ಣಿಗೆ ಹೊಡೆಯೋ ಲೈಟಿನೋರನ್ನ ನಿಲ್ಲಿಸ್ತಿದ್ದಾರೆ. ಹಾಗಾಗಿ ಆಮೇನ ಡಿಕ್ಕಿಯಲ್ಲೇ ಇಟ್ಕೊಂಡು ಮನೆಗೆ ಬಂದು, ಈ ಗೋಡೆ ಮುಂದೆ ನಿಂತು ಬೆಳಕನ್ನ ಇಳಿಸಿದ್ರಿ. ಇವತ್ತು ಕತ್ತಲಾದ ಕೂಡಲೇ ಹೋಗಿ ಆಮೆ ಇಳಿಸಿ ಬಂದ್ರಿ. ಆಮೆ ಇಳೀತು, ಮೂತಿ ಬಗ್ಗಿತು, ಬೆಳಕು ನೆಲಕ್ಕೆ ಬಿತ್ತು."

ಅಧ್ಯಕ್ಷರು ನಕ್ಕರು. "ಕಥೆ ಚೆನ್ನಾಗಿದೆಯಮ್ಮಾ. ಡಿಕ್ಕಿಯಲ್ಲಿ ಸಿಮೆಂಟಿನ ಮೂಟೆಗಳಿದ್ದವು. ಇವತ್ತು ಇಳಿಸಿದೆ, ಅಷ್ಟೇ."

"ಯಾರು ಇಳಿಸಿದ್ದು?"

"ನಾನೇ, ಇನ್ಯಾರು?"

ಡಿಕ್ಕಿಯೊಳಗಿಂದ ಇನ್‌ಸ್ಪೆಕ್ಟರ ತಲೆ ನಿಧಾನವಾಗಿ ಹೊರಬಂತು. "ಬಕೆಟ್ ಎತ್ತೋಕಾಗಲ್ಲ ಅಂದಿದ್ರಲ್ಲ ಸಾರ್?"

ಅಧ್ಯಕ್ಷರ ಕೈ ಸೊಂಟದ ಬೆಲ್ಟಿಗೆ ಹೋಯಿತು.

"ಆಮೇನ ಇವರು ಎತ್ತಲೇ ಇಲ್ಲ," ಎಂದಳು ಬ್ರೇಕಕ್ಕ. "ನಾವೆಲ್ಲ ಎತ್ತೋ ತೋಳು ಹುಡುಕಿದ್ವಿ. ಕಟ್ಟೆಯೂ ಈ ಡಿಕ್ಕಿಯ ಅಂಚೂ ನನ್ನ ಸೊಂಟದಷ್ಟೇ ಎತ್ತರ. ಕೀಲಿಯಿಂದ ಗೇಟು ತೆಗೆದು, ಕಾರನ್ನ ಕಟ್ಟೆಗೆ ರಿವರ್ಸ್ ತಂದು, ಆಮೆಯ ಕೆಳಗೆ ಉದ್ದಕ್ಕೆ ಎರಡು ಪೈಪು ಕೊಟ್ಟು ಜಾರಿಸ್ಕೊಂಡ್ರು. ಕಲ್ಲಿನ ಮೇಲಿನ ಗೀರು ಅದೇ. ಅಳತೆ ಗೊತ್ತಿರೋರ ಕೆಲಸ. ಇನ್‌ಸ್ಪೆಕ್ಟ್ರೇ, ಒಳಗೇ ಇದ್ದೀರಲ್ಲ, ಡಿಕ್ಕಿ ಬಾಗಿಲಿನ ರಬ್ಬರ್ ಎತ್ತಿ ನೋಡಿ. ಅಲ್ಲಿಗೆ ಫಿನಾಯಿಲ್ ಹೋಗಲ್ಲ."

ಇನ್‌ಸ್ಪೆಕ್ಟರ್ ರಬ್ಬರಿನ ಸಂದಿಯಲ್ಲಿ ಬೆರಳಾಡಿಸಿದರು. ಬೆರಳ ತುದಿ ಹಸಿರಾಯಿತು. ಕಿಲುಬು.

ಅಧ್ಯಕ್ಷರು ಬೆಲ್ಟು ಬಿಚ್ಚಿ ಸೀಟಿನ ಮೇಲಿಟ್ಟರು. "ಊರಾಚೆ ಹೋಟೆಲಿನ ಹೂದೋಟದಲ್ಲಿದೆ. ಮಾಲೀಕರಿಗೆ ಅದರ ಮೇಲೆ ಬಹಳ ದಿನದಿಂದ ಕಣ್ಣು. ಬದಲಿಗೆ ಅವರ ಕಾರು ಕೊಡ್ತೀನಿ ಅಂದ್ರು."

"ಒಂದು ಕಾರಿಗೋಸ್ಕರ ನನ್ನ ತಮ್ಮನ್ನ ಜೈಲಿಗೆ ಕಳಿಸ್ತಿದ್ರಾ?"

"ಅಂತಿಂಥ ಕಾರಲ್ಲಮ್ಮಾ." ಆ ಹೊತ್ತಿನಲ್ಲೂ ಅವರ ಕಣ್ಣು ಮಿನುಗಿತು. "ಅದರ ಲೈಟು... ಹಿಂದೆ ಎಷ್ಟೇ ಭಾರ ಹಾಕು, ತಾನೇ ತಗ್ಗಿ ಸರಿಯಾಗಿ ಕೂತ್ಕೊಳ್ಳುತ್ತೆ. ಸ್ಕ್ರೂ ಮುಟ್ಟೋದೇ ಬೇಡ."

ಬ್ರೇಕಕ್ಕ ಅವರನ್ನು ದಿಟ್ಟಿಸಿದಳು. "ಆ ಕಾರು ಮೊದಲೇ ಇದ್ದಿದ್ರೆ ನೀವು ಸಿಕ್ಕೇ ಬೀಳ್ತಿರ್ಲಿಲ್ಲ ಅಧ್ಯಕ್ಷರೇ."

* * *

ಆ ರಾತ್ರಿಯೇ ಆಮೆ ಪೊಲೀಸ್ ಜೀಪಿನ ಹಿಂದೆ ಕುಳಿತು ಊರಿಗೆ ಹೊರಟಿತು. ಪಕ್ಕದಲ್ಲಿ ಅದರ ಕುತ್ತಿಗೆ ತಬ್ಬಿಕೊಂಡು ಪೈಲ್ವಾನ. ಇನ್ನು ಊಟವನ್ನೂ ಅದರ ಬೆನ್ನ ಮೇಲೇ ಮಾಡುವುದಾಗಿ ಆಣೆ ಹಾಕುತ್ತಿದ್ದ.

ಜೀಪಿನ ಮೂತಿ ಮೇಲೆದ್ದಿತು. ಬೆಳಕು ರಸ್ತೆ ಬಿಟ್ಟು ಮರ ಹತ್ತಿತು, ಮಾಳಿಗೆ ಹತ್ತಿತು. ನಕ್ಷತ್ರಗಳು ಕಣ್ಣುಜ್ಜಿಕೊಂಡವೆಂದು ನೋಡಿದವರು ಹೇಳುತ್ತಾರೆ.

"ಟೀಚರ್, ಲೈಟು ಸ್ವಲ್ಪ ಇಳಿಸ್ಲಾ?" ಎಂದರು ಸ್ಟೇರಿಂಗ್ ಹಿಡಿದಿದ್ದ ಇನ್‌ಸ್ಪೆಕ್ಟರ್.

"ಮುಟ್ಬೇಡಿ. ರಸ್ತೆ ಖಾಲಿ ಇದೆ, ಮೆಲ್ಲಗೆ ಹೋಗಿ." ಬ್ರೇಕಕ್ಕ ತಿರುಗಿ ತಮ್ಮನನ್ನು ನೋಡಿದಳು. "ನಮ್ಮ ಬೀದಿ ಮೇಲೇ ಹೋಗಿ. ಅಮ್ಮ ಇನ್ನೂ ಕಿಟಕೀಲಿ ಕೂತಿರ್ತಾಳೆ. ಮಗ ಬಂದ ಅಂತ ದೂರದಿಂದಲೇ ಗೊತ್ತಾಗ್ಲಿ."