ದಿನ್ನೂರಿಗೆ ಒಂಟಿ ಹರಿಗೋಲು

"ಅಯ್ಯೋ, ನಿಂತ್ಕೋಬೇಡಿ ನರ್ಸಮ್ಮನೋರೆ! ಕೂತ್ಕೊಳ್ಳಿ, ಕೂತ್ಕೊಳ್ಳಿ!"

ಹರಿಗೋಲು ಗಿರ್ರನೆ ಒಂದು ಸುತ್ತು ತಿರುಗಿತು. ಅಂಜಮ್ಮ ಔಷಧಿ ಪೆಟ್ಟಿಗೆ ಅವುಚಿಕೊಂಡು ಧೊಪ್ಪನೆ ಕೂತಳು. ಎದುರಿಗೆ ಹುಟ್ಟು ಹಿಡಿದಿದ್ದ ಕದಿರೇಶ ನಗು ತಡೆದುಕೊಳ್ಳುತ್ತಿದ್ದ.

"ಚಪ್ಪಲಿ ಬಿಡಿ. ಪೆಟ್ಟಿಗೆ ನಡುವೆ ಇಡಿ. ನೀವು ಆ ಕಡೆ, ನಾನು ಈ ಕಡೆ. ತಕ್ಕಡಿ ಇದ್ದಂಗೆ ಕಣ್ರೀ ಇದು."

"ನಗೋದನ್ನ ದಡ ಸೇರಿದ್ಮೇಲೆ ಇಟ್ಕೊಳ್ಳಿ!" ಎಂದಳು. ಎದೆ ಮಾತ್ರ ಡವಡವ... ನೀರಿನ ಭಯಕ್ಕೋ, ಆ ಕಣ್ಣುಗಳಿಗೋ?

ಅದು ಎಪ್ಪತ್ತೆಂಟರ ಕಾರ್ತೀಕ. ತೆಲುಗು ಗಡಿಯ ರಾಯಲ್ಪಾಡಿನಿಂದಾಚೆ ದೊಡ್ಡ ಕೆರೆ, ಕೆರೆಯ ನಡುವೆ ದಿಬ್ಬ, ದಿಬ್ಬದ ಮೇಲೆ ಇಪ್ಪತ್ತು ಮನೆಗಳ ದಿನ್ನೂರು. ಕೆರೆ ತುಂಬಿತೆಂದರೆ ಶಿವರಾತ್ರಿವರೆಗೂ ಅದು ದ್ವೀಪ. ಉಪ್ಪು, ಸೀಮೆಎಣ್ಣೆ, ಕಾಗದ, ಗಿರಣಿಗೆ ಹೋಗುವ ರಾಗಿ... ಎಲ್ಲಕ್ಕೂ ಒಂದೇ ಹರಿಗೋಲು. ಹುಟ್ಟು ಹಾಕುವವನನ್ನು ಬಿಟ್ಟು ಆರು ಜನಕ್ಕಿಂತ ಹೆಚ್ಚು ಹತ್ತುವಂತಿಲ್ಲ. ಹೊತ್ತು ಮುಳುಗಿದರೆ ಆಚೆಯವರು ಆಚೆ, ಈಚೆಯವರು ಈಚೆ.

ವಾರಕ್ಕೆರಡು ಸಲ ಬರುವ ಅಂಜಮ್ಮನನ್ನು ಮಾತ್ರ ಕದಿರೇಶ ಒಬ್ಬಳನ್ನೇ ಕರೆದೊಯ್ಯುತ್ತಿದ್ದ.

"ಗಾಜಿನ ಸೀಸೆಗಳಲ್ವಾ, ಜನ ತುಂಬಿದ್ರೆ ಒಡೀತವೆ," ಅಂದಿದ್ದ.

ಮೊದಮೊದಲು ಅವಳು ನಂಬಿದಳು. ಬರಬರುತ್ತ ಆ ಅರ್ಧ ಗಂಟೆಗಾಗಿ ವಾರವೆಲ್ಲ ಕಾಯತೊಡಗಿದಳು. *ಸೀಸೆ ಬರೀ ನೆಪ... ನನ್ನ ಜೊತೆ ಇರೋಕೇ ಹೀಗೆ ಮಾಡ್ತಾನೆ!* ನೆನೆದರೆ ಕೆನ್ನೆ ಬಿಸಿಯಾಗುತ್ತಿತ್ತು.

ಒಂದು ದಿನ ದಿನ್ನೂರಿನ ಮುದುಕಿ ಅಕ್ಕಯಮ್ಮನ ಸೊಸೆಗೆ ಹೆರಿಗೆ ಮಾಡಿಸಿ, ಕೂಸನ್ನು ಒರೆಸುತ್ತಿದ್ದಳು. ಮುದುಕಿ ನಿಟ್ಟುಸಿರಿಟ್ಟಳು.

"ನಿನ್ನ ಕೈ ಬಂಗಾರ ತಲ್ಲೀ, ನನ್ನವ್ವಾ. ಏನ್ಮಾಡೋದು... ಹೊಲಗೇರಿಯೋಳ ಜೊತೆ ತೊಡೆ ತಾಗಿಸಿ ಕೂರಲ್ಲ ಅಂತ ಊರ ಹಿರೀಕ ದೊಡ್ಡವೆಂಕಟಪ್ಪ ಹಟ ಹಿಡಿದ. ಪಾಪ, ಕದಿರೇಶನಿಗೆ ಎರಡೆರಡು ಸುತ್ತು."

ಅಂಜಮ್ಮನ ಕೈ ನಿಂತಿತು. ಆ ಊರಿನ ಕೂಸು ಅವಳ ಅಂಗೈಯಲ್ಲೇ ಕಣ್ಣು ಬಿಡುತ್ತಿತ್ತು. ಕೂಸಿಗಿಲ್ಲದ ಮೈಲಿಗೆ ಹರಿಗೋಲಿಗೆ!

ದಡದಲ್ಲಿ ಕದಿರೇಶ ಕಾಯುತ್ತಿದ್ದ.

"ಒಡೀತಿದ್ದದ್ದು ಸೀಸೆಗಳಾ? ಹೇಳಿ!"

ಅವನ ಮುಖ ಕಪ್ಪಿಟ್ಟಿತು. "ನಿಮಗೆ ನೋವಾಗಬಾರದು ಅಂತ..."

"ನನ್ನ ಅವಮಾನವನ್ನ ನನಗೇ ಬಚ್ಚಿಟ್ರಾ? ನಾನೊಬ್ಬಳು ಹುಚ್ಚಿ, ಅದನ್ನ ಪ್ರೀತಿ ಅಂದ್ಕೊಂಡೆ!"

"ಪ್ರೀತೀನೇ..."

"ಪ್ರೀತಿ ಆಗಿದ್ರೆ ಎಲ್ಲರ ಮಧ್ಯೆ ಕೂರಿಸ್ತಿದ್ರಿ."

ಪೆಟ್ಟಿಗೆ ನಡುವೆ ಇಟ್ಟು, ಅವನಿಗೆ ಬೆನ್ನು ಹಾಕಿ ಕೂತಳು.

ಮುಂದಿನ ಮಂಗಳವಾರ ಗಿರಣಿಯಿಂದ ಹಿಟ್ಟು ಹೊತ್ತು ಬಂದ ಐವರು, ದೊಡ್ಡವೆಂಕಟಪ್ಪ, ಅಕ್ಕಯಮ್ಮನೂ ಸೇರಿ, ಹರಿಗೋಲಿನಲ್ಲಿ ಕೂತಿದ್ದರು. ಅಂಜಮ್ಮ ಎಂದಿನಂತೆ ಹೊಂಗೆ ಮರದಡಿ ದೂರ ನಿಂತಳು.

"ಅಂಜಮ್ಮಾ!" ಮೊದಲ ಸಲ ಹೆಸರು ಹಿಡಿದು ಕೂಗಿದ ಕದಿರೇಶ. "ಇನ್ನೊಬ್ಬರಿಗೆ ಜಾಗ ಇದೆ. ಬನ್ನಿ."

"ಏಮ್ರಾ, ತಲೆ ಕೆಟ್ಟೈತಾ?" ದೊಡ್ಡವೆಂಕಟಪ್ಪ ಅಬ್ಬರಿಸಿದ. "ಅವಳು ಹತ್ತಿದ್ರೆ ನಾನು ಇಳೀತೀನಿ!"

"ಇಳೀರಿ ಮಾವಾ. ಅವರನ್ನ ಬಿಟ್ಟು ಹೋಗೋ ಹರಿಗೋಲಿಗೆ ನಾನು ಹುಟ್ಟು ಹಿಡಿಯಲ್ಲ. ಬೇರೆಯವನನ್ನ ನೋಡ್ಕೊಳ್ಳಿ."

ದೊಡ್ಡವೆಂಕಟಪ್ಪ ಹಿಟ್ಟಿನ ಮೂಟೆ ಎತ್ತಿಕೊಂಡು ಇಳಿದೇಬಿಟ್ಟ. ಉಳಿದವರತ್ತ ನೋಡಿದ. ಅವರು ನೀರು ನೋಡುತ್ತಿದ್ದರು. ಅಕ್ಕಯಮ್ಮ ಸೆರಗು ಸರಿಸಿ ಪಕ್ಕಕ್ಕೆ ಜರುಗಿದಳು. "ಬಾ ತಲ್ಲೀ, ಮಗೀಗೆ ಸೂಜಿ ಹಾಕೋಕೆ ಹೊತ್ತಾಗುತ್ತೆ."

ಅಂಜಮ್ಮ ಬಂದು ಮುದುಕಿಯ ತೊಡೆಗೆ ತೊಡೆ ತಾಗಿಸಿ ಕೂತಳು. ಕಣ್ಣು ತುಂಬಿ ಬಂತು.

"ಕೋಪ ಇಳೀತಾ?" ಎಲ್ಲರೆದುರೇ ಕೇಳಿದ ಕದಿರೇಶ.

"ಅರ್ಧ."

"ಉಳಿದರ್ಧ?"

"ನಮ್ಮ ಕೇರಿಗೆ ಬಂದು, ನಮ್ಮಮ್ಮನ ಕೈಯ ಮುದ್ದೆ ಉಂಡ್ಮೇಲೆ."

"ಭಾನುವಾರ ಬರ್ತೀನಿ. ಹೆಣ್ಣು ಕೇಳೋಕೂ..."

ಅವಳು ನಕ್ಕಳು. "ಹಾಡಹಗಲಲ್ಲೇ ಬನ್ನಿ ಕದಿರೇಶ. ಎಲ್ಲರೂ ನೋಡಲಿ."