ಬುಧವಾರ ಹರಿಯುವ ಎಳೆಗಳು

“ಆ ಗಡಿಯಾರ ಒಳಗ ಇಡ್ರಿ. ಇಲ್ಲಂದ್ರ ಮಗ್ಗ ಚಾಲೂ ಆಗೂದಿಲ್ಲ.”

ಅಷ್ಟು ಹೇಳಿ ಅವನು ಮೇನ್ ಸ್ವಿಚ್ಚನ್ನೇ ಎಳೆದುಬಿಟ್ಟ. ಬನಹಟ್ಟಿಯ ಆ ಶೆಡ್ಡಿನ ಗದ್ದಲ ಒಮ್ಮೆಲೇ ನಿಂತಿತು. ರಾಜೇಶ್ವರಿ ಗಡಿಯಾರವನ್ನು ಅಂಗೈಯಲ್ಲಿ ಮುಚ್ಚಿಕೊಂಡಳು.

“ನಾ ಮಾಲೀಕರ ಕಡೆಯಾಕಿ ಅಲ್ರಿ. ಜಮಖಂಡಿ ಕಾಲೇಜಿನಾಕಿ. ಒಂದು ಸೀರಿಗೆ ಎಷ್ಟು ಹೊತ್ತಿನ ದುಡಿಮಿ ಬೀಳತೈತಿ ಅಂತ ಬರಕೋತೇನಿ, ಅಷ್ಟ.”

“ಹಿಂದೊಬ್ಬಾವ ಹಿಂಗ ಬರಕೊಂಡು ಹೋದ. ಮುಂದಿನ ವಾರ ನಮ್ಮ ಕೂಲಿ ಇಳೀತು.”

ಅವನ ಹೆಸರು ಕಲ್ಮೇಶ. ನಲವತ್ತರ ಆಸುಪಾಸು, ಸಿಟ್ಟು ಮೂಗಿನ ತುದಿಯಲ್ಲಿ. ಕಣ್ಣು ಮಾತ್ರ ಸಿಟ್ಟಿನವನದಲ್ಲ... ಇದೇನು ನೋಡುತ್ತಿದ್ದೇನೆ ನಾನು ಎಂದು ರಾಜೇಶ್ವರಿ ತನ್ನನ್ನೇ ಗದರಿಕೊಂಡಳು.

ತೇರದಾಳದ ಹುಡುಗಿ ಅವಳು. ಧಾರವಾಡದಲ್ಲಿ ಮಾರ್ಕ್ಸ್‌ವಾದಿ ಅರ್ಥಶಾಸ್ತ್ರದಲ್ಲಿ ಡಾಕ್ಟರೇಟ್, ಹದಿನಾಲ್ಕು ವರ್ಷದ ಪಾಠ, ನೇಕಾರರ ದುಡಿಮೆಯ ಬಗ್ಗೆ ಒಂದು ಪುಸ್ತಕದ ಕನಸು. ನೋಡಲು ಬಂದ ವರಗಳೆಲ್ಲ “ಇದನ್ನ ಓದಿ ಏನ್ ಸಿಗತೈತ್ರಿ?” ಎಂದು ಕೇಳಿ, ಅವಲಕ್ಕಿ ತಿಂದು, ಚಹಾ ಕುಡಿದು ಹೋಗಿದ್ದರು. ಮೂವತ್ತೇಳಕ್ಕೆ ಅವಳೂ ಮದುವೆಯ ಮಾತು ಬಿಟ್ಟಿದ್ದಳು.

“ಅಚ್ಚಿಗೆ ಕೊಡೂಕಿಂತ ಮೊದಲ ನಿಮ್ಮೆಲ್ಲಾರ ಮುಂದ ಓದ್ತೇನಿ. ನೀವು ಬ್ಯಾಡ ಅಂದದ್ದು ಹಾಕೂದಿಲ್ಲ. ಆತಿಲ್ಲ?”

ಕಲ್ಮೇಶ ಹೋಗಿ ಸ್ವಿಚ್ ಹಾಕಿದ.

ಅಂದಿನಿಂದ ಪ್ರತಿ ಬುಧವಾರ ಅವಳು ಬರತೊಡಗಿದಳು. ಅವನ ಮಗ್ಗದಲ್ಲಿ ಒಂದು ಸೀರೆ ಶುರುವಾದಾಗ ಕೂತರೆ, ಅದು ಮುಗಿದೊಡನೆ ಎದ್ದು ಬಸ್ಸಿಗೆ. ಮೂರನೇ ವಾರಕ್ಕೆ ಫ್ಯಾನಿನ ಕೆಳಗೆ ಅವಳಿಗೊಂದು ಸ್ಟೂಲ್ ಬಂತು. ಐದನೇ ವಾರಕ್ಕೆ ಮಾತು ಬಂತು; ಅವನಿಗೂ ಮದುವೆಯಾಗಿಲ್ಲವೆಂದು ತಿಳಿಯಿತು.

“ಹೆಚ್ಚುವರಿ ಮೌಲ್ಯ ಅಂತೀರಲ್ಲ, ಅಂದ್ರ ಏನ್ರಿ?”

ದುಡಿಮೆಯ ಬೆಲೆಯಲ್ಲಿ ಕೂಲಿ ಕಳೆದು ಮಾಲೀಕನ ಕಿಸೆ ಸೇರುವ ಪಾಲು ಅದು ಎಂದು ಅವಳು ಮಗ್ಗದ ಸದ್ದಿನ ಮೇಲೆ ಕೂಗಿ ಕೂಗಿ ವಿವರಿಸಿದಳು. ಅವನು ಪೂರ್ತಿ ಕೇಳಿಸಿಕೊಂಡ.

“ಇದಕ್ಕ ಧಾರವಾಡತನಕ ಹೋಗಿದ್ರಿ? ಆ ಮೂಲ್ಯಾಗ ನೂಲು ಸುತ್ತೂ ನಮ್ಮ ಹಾಲವ್ವತ್ತಿನ್ನ ಕೇಳಿದ್ರ ಹೇಳತಿದ್ಲು.”

ಅವಳು ಎಷ್ಟೋ ವರ್ಷಗಳ ನಂತರ ಹೊಟ್ಟೆ ಹುಣ್ಣಾಗುವಂತೆ ನಕ್ಕಳು.

ಆದರೆ ಲೆಕ್ಕ ಮಾತ್ರ ಅವಳನ್ನು ಚುಚ್ಚುತ್ತಿತ್ತು. ಉಳಿದವರ ಮಗ್ಗದಲ್ಲಿ ಸೀರೆಗೆ ನಾಲ್ಕೈದು ಎಳೆ ಹರಿದರೆ, ಕಲ್ಮೇಶನದರಲ್ಲಿ ಹತ್ತೊಂಬತ್ತು! ಒಂದು ದಿನ ಕಣ್ಣಾರೆ ಕಂಡಳು. ಅವನೇ ಬ್ಲೇಡಿನಿಂದ ಎಳೆ ಕತ್ತರಿಸಿ, ಮಗ್ಗ ನಿಲ್ಲಿಸಿ, ನಿಧಾನವಾಗಿ ಮತ್ತೆ ಜೋಡಿಸುತ್ತಿದ್ದ.

‘ಇನ್ನೂ ನನ್ನನ್ನು ನಂಬಿಲ್ಲ... ಕೂಲಿ ಇಳಿದೀತೆಂದು ಬೇಕಂತಲೇ ಹೊತ್ತು ಹೆಚ್ಚಿಸುತ್ತಿದ್ದಾನೆ.’

ಒಳಗಿನ ಪಂಡಿತೆಗೆ ಹಬ್ಬ. ಒಳಗಿನ ಹೆಣ್ಣಿಗೆ ಅಳು. ಅವನು ತನ್ನನ್ನು ನಂಬಬೇಕು ಎಂಬುದೊಂದೇ ಅವಳಿಗೆ ಬೇಕಾಗಿತ್ತು, ಪುಸ್ತಕಕ್ಕಿಂತಲೂ ಹೆಚ್ಚಾಗಿ. ಆ ದುಃಖದಲ್ಲೇ ಇಪ್ಪತ್ತೆರಡು ಪುಟದ ಅಧ್ಯಾಯ ಬರೆದು ಮುಗಿಸಿದಳು.

ಓದುವ ದಿನ ಬಂತು. ಮಗ್ಗಗಳನ್ನು ನಿಲ್ಲಿಸಿ ಎಲ್ಲರೂ ಶೆಡ್ಡಿನಲ್ಲಿ ಕೂತರು. ರಾಜೇಶ್ವರಿ ಗಂಟಲು ಸರಿಪಡಿಸಿಕೊಂಡಳು.

“‘ಒಬ್ಬ ನೇಕಾರ ಬೇಕೆಂದೇ ಎಳೆ ಕತ್ತರಿಸುತ್ತಾನೆ. ಇದು ಬಂಡವಾಳದ ವಿರುದ್ಧ ಅವನು ನಡೆಸುವ ಮೌನ ಪ್ರತಿರೋಧ...’”

ಹಿಂದೆ ಯಾರೋ ಕಿಸಕ್ಕೆಂದರು. ನೋಡುನೋಡುತ್ತ ಇಡೀ ಶೆಡ್ಡು ನಗತೊಡಗಿತು. ಕಲ್ಮೇಶನ ಮುಖ ಕೆಂಪೇರಿತು.

ಮೂಲೆಯಲ್ಲಿ ಲಾಳಿಯ ಕಂಡಿಕೆಗೆ ನೂಲು ಸುತ್ತುತ್ತಿದ್ದ ಅವನ ಸೋದರತ್ತೆ ಹಾಲವ್ವ ಕೈ ನಿಲ್ಲಿಸಿದಳು.

“ಯವ್ವಾ, ಉಳದ ದಿನ ಇವನ ಮಗ್ಗದಾಗ ನಾಕ ಎಳಿ ಹರದ್ರ ಹೆಚ್ಚು. ಬುಧವಾರ ಮಾತ್ರ ಹಿಂಗ ಹರೀತಾವ. ಸೀರಿ ಮುಗದ್ರ ನೀ ಎದ್ದು ಹೊಂಟಬಿಡ್ತಿಯಲ್ಲ, ಅದಕ್ಕ.”

ರಾಜೇಶ್ವರಿ ಹಾಳೆ ಕೆಳಗಿಳಿಸಿದಳು. ಉಳಿದ ದಿನ ಏನಾಗುತ್ತದೆ ಎಂದು ಅವಳು ಒಮ್ಮೆಯೂ ಕೇಳಿರಲಿಲ್ಲ!

ಹಾಲವ್ವ ಎಲ್ಲರನ್ನೂ ಚಹಾಕ್ಕೆಂದು ಹೊರಗೆ ಅಟ್ಟಿದಳು. ಇಬ್ಬರೇ ಉಳಿದರು.

“ತಪ್ಪಾತ್ರಿ. ನಿಮ್ಮ ಲೆಕ್ಕ ಕೆಡಿಸಿದೆ. ಹತ್ತನೇತ್ತೆ ಕಲತಾವ ನಾ, ನೀವು ಡಾಕ್ಟರು. ಬಾಯಿಬಿಟ್ಟು ಹೇಳಾಕ ಅಂಜಿಕಿ ಬಂತು.”

“ಈ ಇಪ್ಪತ್ತೆರಡು ಪುಟ ಈಗ ಹರದು ಒಗೀಬೇಕು. ಖರೆ ಅಲ್ಲದ್ದು ಪುಸ್ತಕದಾಗ ಇರಬಾರದು.”

“ಅಂದ್ರ... ಇನ್ನ ಬರೂದಿಲ್ಲ ನೀವು.”

ಅವನ ದನಿ ಕುಗ್ಗಿದ್ದು ಕೇಳಿ ಅವಳ ಕಣ್ಣು ತುಂಬಿ ಬಂತು. ನಗುವೂ ಬಂತು.

“ಕಲ್ಮೇಶ, ಈ ಶೆಡ್ಡಿನಾಗ ನನ್ನ ಕೆಲಸ ಎಷ್ಟು ದಿನದ್ದಿತ್ತು ಗೊತ್ತೇನು? ನಾಕ ವಾರದ್ದು.”

“ನೀವು ಬರಾಕತ್ತಿ ನಾಕ ತಿಂಗಳಾತಲ್ರಿ...”

“ಹೂಂ.”

ಅವನು ಅವಳನ್ನು ನೋಡಿದ. ಅವಳು ಕಣ್ಣು ತಪ್ಪಿಸಲಿಲ್ಲ. ಅರ್ಥವಾದದ್ದು ಅವನ ಮುಖದ ತುಂಬ ನಗುವಾಗಿ ಹರಡಿತು.

“ಅದನ್ನೂ ಪುಸ್ತಕದಾಗ ಬರೀತೀರೇನು?”

“ಇಲ್ಲ,” ಎಂದಳು ರಾಜೇಶ್ವರಿ, ಅವನ ಪಕ್ಕ ಕೂರುತ್ತಾ. “ಅದನ್ನ ತೇರದಾಳಕ್ಕ ಬಂದು ನಮ್ಮಪ್ಪನ ಮುಂದ ನೀವ ಹೇಳ್ರಿ.”